ಎತ್ತರದಲ್ಲಿ ಶೇ 80 ವಂಶದ್ದಾದರೆ ಊಟಕ್ಕೆ ಉಳಿದದ್ದು ಶೇ 20 ಮಾತ್ರವೇ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿ ಮೇಷ್ಟರು. ನಾನೂ ನನ್ನ ಅಣ್ಣನೂ ಒಂದೇ ಎತ್ತರ, 163 ಸೆಂಟಿಮೀಟರ್. ಅಣ್ಣ ಬಹಳ ವರ್ಷದಿಂದ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲೇ ಹುಟ್ಟಿ ಬೆಳೆದ ಅವನ ಮಗ ಹದಿನಾರಕ್ಕೇ 175 ದಾಟಿದ್ದಾನೆ. ನನ್ನ ಮಗನಿಗೆ ಹದಿಮೂರು ವರ್ಷ, 142 ಸೆಂಟಿಮೀಟರ್, ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡ. ಮಗಳಿಗೆ ಹತ್ತು. ನನ್ನ ಹೆಂಡತಿಯ ಎತ್ತರ 152. ಎಲ್ಲ ಅಲ್ಲಿನ ಹಾಲು, ಊಟದ ಮಹಿಮೆ ಅನ್ನುತ್ತಾರೆ ಕೆಲವರು. ರಕ್ತದಲ್ಲಿ ಇದ್ದಷ್ಟೇ ಬೆಳೀತಾರೆ ಅನ್ನುತ್ತಾರೆ ನಮ್ಮ ಮಾವನವರು. ಎತ್ತರದಲ್ಲಿ ಶೇ 80 ವಂಶವಾಹಿಯದು ಅಂತ ನಾನೂ ಓದಿದ್ದೇನೆ. ಹಾಗಾದರೆ ನಮ್ಮ ಕೈಯಲ್ಲಿರೋದು ಶೇ 20 ಅಷ್ಟೇನಾ? ಎತ್ತರದ ಪುಡಿ, ಕಂಬಿಗೆ ಜೋತು ಬೀಳೋದು, ಇವುಗಳಿಂದ ಪ್ರಯೋಜನ ಇದೆಯಾ?

ಉತ್ತರ: ನೀವು ಓದಿದ ಶೇ 80 ಸುಳ್ಳಲ್ಲ. ಅದರಿಂದ ನೀವು ಕಳೆದು ತೆಗೆದ ಶೇ 20 ಮಾತ್ರ ಸರಿಯಿಲ್ಲ. ಆ ಲೆಕ್ಕ ಒಬ್ಬ ಹುಡುಗನ ಮೂಳೆಯನ್ನು ಪಾಲು ಹಾಕುವುದಿಲ್ಲ. ನಿಮ್ಮ ಮಗನ 142 ಸೆಂಟಿಮೀಟರಿನಲ್ಲಿ ಇಷ್ಟು ವಂಶದ್ದು, ಇಷ್ಟು ಊಟದ್ದು ಅಂತ ಯಾರೂ ಬಿಡಿಸಿ ತೋರಿಸಲಾರರು. ಒಂದೇ ಕಾಲದಲ್ಲಿ, ಹೆಚ್ಚುಕಡಿಮೆ ಒಂದೇ ಥರದ ಊಟ ಆರೋಗ್ಯಗಳಲ್ಲಿ ಬೆಳೆದ ಜನರನ್ನು ಸಾಲಾಗಿ ನಿಲ್ಲಿಸಿದರೆ ಒಬ್ಬರು ಉದ್ದ, ಒಬ್ಬರು ಗಿಡ್ಡ ಇರುತ್ತಾರಲ್ಲ, ಆ ಏರುಪೇರಿನಲ್ಲಿ ಎಷ್ಟು ಭಾಗಕ್ಕೆ ವಂಶವಾಹಿಗಳ ವ್ಯತ್ಯಾಸ ಕಾರಣ ಎಂದಷ್ಟೇ ಅದು ಹೇಳುತ್ತದೆ. ಆ ಸಾಲಿಗೆ ಸಾಲೇ ಮೇಲೇರಬಹುದೇ, ಕೆಳಗಿಳಿಯಬಹುದೇ ಎಂಬ ಪ್ರಶ್ನೆಗೆ ಆ ಸಂಖ್ಯೆಯಲ್ಲಿ ಉತ್ತರವೇ ಇಲ್ಲ.

ದಕ್ಷಿಣ ಕೊರಿಯಾದ ಹೆಂಗಸರನ್ನು ನೋಡಿ. 1896ರಲ್ಲಿ ಹುಟ್ಟಿದವರಿಗೂ 1996ರಲ್ಲಿ ಹುಟ್ಟಿದವರಿಗೂ ನಡುವೆ ಅಲ್ಲಿನ ಹೆಂಗಸರ ಸರಾಸರಿ ಎತ್ತರ 20 ಸೆಂಟಿಮೀಟರ್ ಏರಿತು. ಲೋಕದ ಯಾವ ದೇಶದ ಹೆಂಗಸರೂ ಆ ನೂರು ವರ್ಷದಲ್ಲಿ ಅಷ್ಟು ಏರಿಲ್ಲ. ಗಂಡಸರಲ್ಲಿ ಇರಾನಿನವರದು ದೊಡ್ಡ ಏರಿಕೆ, ಸುಮಾರು 16 ಸೆಂಟಿಮೀಟರ್. ನಾಲ್ಕೈದು ತಲೆಮಾರಿನಲ್ಲಿ ಒಂದು ಜನಾಂಗದ ವಂಶವಾಹಿಗಳು ಹಾಗೆ ಬದಲಾಗುವುದಿಲ್ಲ. ಬದಲಾದದ್ದು ಊಟ, ಕುಡಿಯುವ ನೀರು, ಲಸಿಕೆ, ಹೆರುವ ತಾಯಿಯ ಆರೋಗ್ಯ. ಹಾಗಿದ್ದೂ ಕೊರಿಯಾದಲ್ಲಿ ಎತ್ತರದ ತಾಯಿಗೆ ಎತ್ತರದ ಮಗಳು ಹುಟ್ಟುವುದು ಅಂದೂ ನಿಜ, ಇಂದೂ ನಿಜ. ಸಾಲಿನಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದನ್ನು ಬಹುಮಟ್ಟಿಗೆ ವಂಶವೇ ತೀರ್ಮಾನಿಸಿತು. ಸಾಲು ಪೂರ್ತಿ ನಿಂತ ಮಟ್ಟವನ್ನು ಬದುಕು ತೀರ್ಮಾನಿಸಿತು. ನಿಮ್ಮ ಮಾವನವರ ಮಾತೂ ಹಾಲಿನ ಮಾತೂ ಎರಡೂ ಇದರೊಳಗೇ ಕೂರುತ್ತವೆ. ಇದೇ ಅವಧಿಯಲ್ಲಿ ನಮ್ಮ ದೇಶದ ಏರಿಕೆ ಬಹಳ ಸಣ್ಣದು. 1996ರಲ್ಲಿ ಹುಟ್ಟಿದ ಭಾರತದ ಗಂಡಸರ ಸರಾಸರಿ ಸುಮಾರು 165, ಹೆಂಗಸರದು ಸುಮಾರು 153. ನೀವಿಬ್ಬರೂ ನಿಂತಿರುವುದು ಸರಿಯಾಗಿ ನಮ್ಮ ದೇಶದ ಸರಾಸರಿಯ ಹತ್ತಿರವೇ.

ಈ ಎರಡು ಬಲಗಳು ಮೂಳೆಯಲ್ಲಿ ಸೇರುವ ಜಾಗ ಒಂದಿದೆ. ತೊಡೆ, ಕಾಲು, ತೋಳಿನ ಉದ್ದ ಮೂಳೆಗಳ ತುದಿಯ ಬಳಿ ಮೃದ್ವಸ್ಥಿಯ ತೆಳುವಾದ ಪದರ ಇರುತ್ತದೆ. ವೈದ್ಯರು ಅದನ್ನು ಗ್ರೋತ್ ಪ್ಲೇಟ್ ಅನ್ನುತ್ತೇವೆ. ಅಲ್ಲಿನ ಕೋಶಗಳು ಒಂದು ಎರಡಾಗಿ ಸಾಲುಗಟ್ಟುತ್ತವೆ, ಆಮೇಲೆ ಒಂದೊಂದೂ ಹಲವು ಪಟ್ಟು ಊದಿಕೊಳ್ಳುತ್ತವೆ, ಕೊನೆಗೆ ಆ ಜಾಗವನ್ನು ಮೂಳೆ ಆಕ್ರಮಿಸುತ್ತದೆ. ಉದ್ದವಾಗುವುದು ಎಂದರೆ ಇಷ್ಟೇ ಕೆಲಸ, ಹುಟ್ಟುವ ಮೊದಲಿಂದ ಹದಿಹರೆಯದ ಕೊನೆಯವರೆಗೆ ಎಡೆಬಿಡದೆ. ಮೂಳೆಯ ನಡುಭಾಗವನ್ನು ಎಳೆದರೆ, ತಿಕ್ಕಿದರೆ, ಜೋತು ಬಿದ್ದರೆ ಉದ್ದವಾಗುವುದಿಲ್ಲ. ಹಾಗಾಗಿ ಕಂಬಿಯ ಪ್ರಶ್ನೆಗೆ ಇಲ್ಲೇ ಉತ್ತರ ಸಿಕ್ಕಿತು. ಜೋತು ಬೀಳುವುದು ತೋಳಿಗೆ ಒಳ್ಳೆಯ ವ್ಯಾಯಾಮ, ಮಗನಿಗೆ ಖುಷಿ ಇದ್ದರೆ ಮಾಡಲಿ.

ಈ ಪದರದಲ್ಲಿ ಒಂದೇ ಒಂದು ವಂಶವಾಹಿ ಕೆಟ್ಟರೂ ಏನಾಗುತ್ತದೆ ಎಂಬುದು ಚೆನ್ನಾಗಿ ಗೊತ್ತಿದೆ. ಎಫ್‌ಜಿಎಫ್‌ಆರ್3 ಎಂಬ ವಂಶವಾಹಿ ಅಲ್ಲಿನ ಕೋಶಗಳ ಬೆಳವಣಿಗೆಗೆ ತಡೆ ಹಾಕುತ್ತದೆ. ಅದರಲ್ಲಿ ಒಂದಕ್ಷರ ತಪ್ಪಿದರೆ ತಡೆ ಬಿಗಿಯಾಗಿ, ಕೈಕಾಲು ಮೋಟಾಗುವ ಅಕಾಂಡ್ರೋಪ್ಲೇಸಿಯಾ ಬರುತ್ತದೆ. ಇದು ತಿಳಿದದ್ದು 1994ರಲ್ಲಿ. ಈ ಸ್ಥಿತಿಯಲ್ಲಿ ಹುಟ್ಟುವ ಹತ್ತು ಮಕ್ಕಳಲ್ಲಿ ಎಂಟು ಮಕ್ಕಳ ತಂದೆತಾಯಿ ಇಬ್ಬರೂ ಸಾಮಾನ್ಯ ಎತ್ತರದವರೇ. ತಪ್ಪು ಆ ಮಗುವಿನಲ್ಲೇ ಹೊಸದಾಗಿ ಆದದ್ದು. ತಾಯಿಯ ವಂಶದಲ್ಲಿ ಏನೋ ಇತ್ತು ಎಂದು ಸೊಸೆಯನ್ನು ದೂರುವ ಮನೆಗಳಿಗೆ ಇದನ್ನು ನಾನು ಒತ್ತಿ ಹೇಳುತ್ತೇನೆ. ಶಾಕ್ಸ್ ಎಂಬ ಇನ್ನೊಂದು ವಂಶವಾಹಿ ಎಕ್ಸ್ ಮತ್ತು ವೈ ಎರಡೂ ವರ್ಣತಂತುಗಳಲ್ಲಿದೆ. ಒಂದೇ ಎಕ್ಸ್ ಇರುವ ಟರ್ನರ್ ಸಿಂಡ್ರೋಮ್‌ನ ಹೆಣ್ಣುಮಕ್ಕಳು ಗಿಡ್ಡ ಉಳಿಯಲು ಅದರ ಒಂದು ಪ್ರತಿ ಇಲ್ಲದಿರುವುದು ಮುಖ್ಯ ಕಾರಣ.

ಆದರೆ ನಿಮ್ಮ ಮನೆಯಲ್ಲಿ, ನಮ್ಮ ಮನೆಯಲ್ಲಿ ಕಾಣುವ ಎತ್ತರದ ಸಾಮಾನ್ಯ ಹೆಚ್ಚುಕಡಿಮೆಗೆ ಇಂಥ ಒಂದು ದೊಡ್ಡ ಕಾರಣ ಇರುವುದಿಲ್ಲ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ 54 ಲಕ್ಷ ಜನರ ಡಿಎನ್‌ಎ ನೋಡಿ, ಎತ್ತರಕ್ಕೆ ಸಂಬಂಧಿಸಿದ ಸುಮಾರು 12,000 ಜಾಗಗಳನ್ನು ಗುರುತಿಸಿತು. ಒಂದೊಂದರ ಪರಿಣಾಮವೂ ಕೂದಲೆಳೆಯಷ್ಟು. ಅವನ್ನೆಲ್ಲ ಕೂಡಿಸಿದರೂ ಯೂರೋಪ್ ಮೂಲದವರಲ್ಲಿ ಎತ್ತರದ ವ್ಯತ್ಯಾಸದ ಶೇ 40ರಷ್ಟನ್ನು ಮಾತ್ರ ವಿವರಿಸಬಹುದು, ಬೇರೆ ಮೂಲದವರಲ್ಲಿ ಇನ್ನೂ ಕಡಿಮೆ. ಮಗುವಿನ ಎಂಜಲು ಪರೀಕ್ಷಿಸಿ ಮುಂದಿನ ಎತ್ತರ ಹೇಳುತ್ತೇವೆ ಎಂದು ಯಾರಾದರೂ ಬಂದರೆ ದುಡ್ಡು ಕೊಡಬೇಡಿ.

ಬೆಳವಣಿಗೆ ನಿಲ್ಲುವುದಕ್ಕೂ ಒಂದು ಸೂಚನೆ ಬೇಕು. ಗಂಡುಮಕ್ಕಳಲ್ಲೂ ಆ ಸೂಚನೆ ಕೊಡುವುದು ಈಸ್ಟ್ರೋಜೆನ್. ಹೆಣ್ಣಿನದು ಎಂದು ನಾವೆಲ್ಲ ತಿಳಿದಿರುವ ಹಾರ್ಮೋನು ಅದು. 1994ರಲ್ಲಿ ವರದಿಯಾದ ಒಬ್ಬ ಗಂಡಸಿನ ದೇಹಕ್ಕೆ ಈಸ್ಟ್ರೋಜೆನ್ನಿನ ಸೂಚನೆ ತಿಳಿಯುತ್ತಲೇ ಇರಲಿಲ್ಲ. ಅವನಿಗೆ 28 ವರ್ಷ, ಎತ್ತರ 204 ಸೆಂಟಿಮೀಟರ್, ಇನ್ನೂ ಬೆಳೆಯುತ್ತಲೇ ಇದ್ದ. ಎಕ್ಸ್‌ರೇಯಲ್ಲಿ ಮೂಳೆಯ ವಯಸ್ಸು 15. ನಿಮ್ಮ ಮಗನ ವಿಷಯಕ್ಕೆ ಇದು ಬೇಕಾಗುತ್ತದೆ. ಹುಟ್ಟಿದ ತಾರೀಖಿನ ವಯಸ್ಸು ಬೇರೆ, ಮೂಳೆ ಎಷ್ಟು ಮಾಗಿದೆ ಎಂದು ಹೇಳುವ ಮೂಳೆಯ ವಯಸ್ಸು ಬೇರೆ.

ಇನ್ನು ಪರಿಸರ. ಪರಿಸರ ಎಂದರೆ ಊಟ ಮಾತ್ರ ಎಂದುಕೊಂಡರೆ ಅರ್ಧ ತಪ್ಪಿದ ಹಾಗೆ. ಮಗುವಿಗೆ ಪದೇ ಪದೇ ಭೇದಿ, ಜ್ವರ, ಕೆಮ್ಮು ಬಂದಾಗ ಮೈಯಲ್ಲಿ ಏಳುವ ಉರಿಯೂತದ ರಾಸಾಯನಿಕಗಳು ನೇರವಾಗಿ ಗ್ರೋತ್ ಪ್ಲೇಟನ್ನೇ ನಿಧಾನ ಮಾಡುತ್ತವೆ, ಬೆಳವಣಿಗೆಯ ಹಾರ್ಮೋನಿನ ಮಾತನ್ನೂ ಅದಕ್ಕೆ ಕೇಳಗೊಡುವುದಿಲ್ಲ. ಊಟ ಸಾಕಷ್ಟಿದ್ದರೂ ಹೀಗಾಗಬಹುದು. ಪುಣ್ಯಕ್ಕೆ, ಅಡ್ಡಿ ಬೇಗ ಹೋದರೆ ಮೂಳೆ ವೇಗ ಹೆಚ್ಚಿಸಿಕೊಂಡು ಹಿಂದೆ ಬಿದ್ದದ್ದನ್ನು ತುಂಬಿಕೊಳ್ಳುತ್ತದೆ. ಅಡ್ಡಿ ವರ್ಷಗಟ್ಟಲೆ ಉಳಿದರೆ ಪೂರ್ತಿ ತುಂಬುವುದಿಲ್ಲ.

ಕಾಲ ಬಹಳ ಮುಖ್ಯ. ಮಗು ಮೊದಲ ವರ್ಷದಲ್ಲಿ ಸುಮಾರು 25 ಸೆಂಟಿಮೀಟರ್ ಬೆಳೆಯುತ್ತದೆ, ಎರಡನೇ ವರ್ಷದಲ್ಲಿ ಸುಮಾರು 12, ಆಮೇಲೆ ವರ್ಷಕ್ಕೆ ಐದಾರು. ಹೊಟ್ಟೆಯಲ್ಲಿರುವಾಗಿನಿಂದ ಎರಡು ವರ್ಷ ತುಂಬುವವರೆಗಿನ ಅಡ್ಡಿ ಆಳವಾಗಿ ಉಳಿಯುವುದು ಇದಕ್ಕೇ. ಆಗ ವೇಗವಾಗಿ ಉದ್ದವಾಗುತ್ತಿರುವುದು ಕಾಲುಗಳಾದ್ದರಿಂದ ಪೆಟ್ಟು ಬೀಳುವುದೂ ಕಾಲಿಗೇ. ಜಪಾನಿನಲ್ಲಿ 1957ರಿಂದ 1977ರ ನಡುವೆ ಮಕ್ಕಳ ಎತ್ತರ ಏರಿತಲ್ಲ, ಆ ಏರಿಕೆ ಬಹುಪಾಲು ಕಾಲಿನಲ್ಲೇ ಬಂತು, ಮುಂಡದಲ್ಲಿ ಅಲ್ಲ. ಗ್ವಾಟೆಮಾಲಾದ ಮಾಯಾ ಜನರ ಮಕ್ಕಳೂ ಅಮೆರಿಕಕ್ಕೆ ವಲಸೆ ಹೋದ ಮಾಯಾ ಮನೆಗಳ ಮಕ್ಕಳೂ ನಿಮ್ಮ ಪ್ರಶ್ನೆಗೆ ಬಹಳ ಹತ್ತಿರದ ಉದಾಹರಣೆ. ಅಲ್ಲಿ ಬೆಳೆದವರು ಊರಲ್ಲಿ ಉಳಿದವರಿಗಿಂತ ಹತ್ತು ಸೆಂಟಿಮೀಟರಿಗೂ ಹೆಚ್ಚು ಎತ್ತರ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲಿನದು. ಒಂದೇ ಜನ, ಒಂದೇ ತಲೆಮಾರು.

ನಮ್ಮ ಮಕ್ಕಳ ಬಗ್ಗೆ ಇದಕ್ಕಿಂತ ನೇರವಾದ ಸಾಕ್ಷ್ಯವಿದೆ. ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಆರು ದೇಶಗಳಲ್ಲಿ ಮಕ್ಕಳನ್ನು ಅಳೆಯಿತು: ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ, ಮತ್ತು ಭಾರತದಲ್ಲಿ ದಕ್ಷಿಣ ದೆಹಲಿ. ಆರಿಸಿದ್ದು ಎದೆಹಾಲು, ಶುಚಿ, ಚಿಕಿತ್ಸೆ, ಊಟ ಯಾವುದಕ್ಕೂ ಕೊರತೆಯಿಲ್ಲದ, ತಾಯಂದಿರು ಬೀಡಿ ಸಿಗರೇಟು ಸೇದದ ಮನೆಗಳನ್ನು. ಎರಡು ವರ್ಷದವರೆಗಿನ ಉದ್ದದ ಒಟ್ಟು ವ್ಯತ್ಯಾಸದಲ್ಲಿ ದೇಶ ದೇಶಗಳ ನಡುವಿನದು ಶೇ 3ರಷ್ಟು ಮಾತ್ರ. ಉಳಿದದ್ದು ಬಹುಪಾಲು ಒಂದೇ ಊರಿನ ಮಗುವಿಗೂ ಮಗುವಿಗೂ ಇರುವ ವ್ಯತ್ಯಾಸ. ಇನ್ನೊಂದು ಕಡೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ನಮ್ಮ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ದೇಶದಲ್ಲಿ ಶೇ 35.5, ಕರ್ನಾಟಕದಲ್ಲಿ ಶೇ 35.4. ಮೂರರಲ್ಲಿ ಒಂದು ಮಗುವಿಗಿಂತ ಹೆಚ್ಚು. ಇದನ್ನು ರಕ್ತದ ಮೇಲೆ ಹಾಕಿ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ.

ಒಪ್ಪದಿರಲು ಇನ್ನೊಂದು ಕಾರಣ ಕೊಡುತ್ತೇನೆ. ಅರ್ಥಶಾಸ್ತ್ರಜ್ಞೆಯರಾದ ಸೀಮಾ ಜಯಚಂದ್ರನ್ ಮತ್ತು ರೋಹಿಣಿ ಪಾಂಡೆ 2017ರಲ್ಲಿ ಭಾರತದ ಮತ್ತು ಆಫ್ರಿಕಾದ ಮಕ್ಕಳ ಎತ್ತರವನ್ನು ಹುಟ್ಟಿದ ಕ್ರಮದ ಪ್ರಕಾರ ಬಿಡಿಸಿ ನೋಡಿದರು. ಚೊಚ್ಚಲ ಮಕ್ಕಳಲ್ಲಿ ನಮ್ಮವರು ಹಿಂದೆ ಬಿದ್ದೇ ಇಲ್ಲ. ಎರಡನೆಯ ಮಗುವಿನಿಂದ ಕೊರತೆ ಶುರು, ಮೂರನೆಯದಕ್ಕೆ ಇನ್ನೂ ಹೆಚ್ಚು. ಒಂದೇ ತಂದೆತಾಯಿಯ ಮೊದಲ ಮಗುವಿಗೆ ಒಳ್ಳೆಯ ವಂಶವಾಹಿ, ಮೂರನೆಯದಕ್ಕೆ ಕೆಟ್ಟದ್ದು ಅಂತ ಹಂಚಿಕೆ ಆಗುವುದಿಲ್ಲ. ಹಿರಿಯ ಗಂಡುಮಗನಿಗೆ ಸಿಗುವ ಆರೈಕೆ, ಆಮೇಲಿನ ಬಸಿರಿನಲ್ಲಿ ತಾಯಿಗೆ ಸಿಗದ ಆರೈಕೆ, ಇವೇ ಅಲ್ಲಿ ಮೂಳೆಯಲ್ಲಿ ದಾಖಲಾಗಿರುವುದು.

ಹಾಗಾದರೆ ಊಟ ಸರಿಯಾದ ತಕ್ಷಣ ಮುಂದಿನ ತಲೆಮಾರೇ ಏಕೆ ಪೂರ್ತಿ ಎತ್ತರವಾಗುವುದಿಲ್ಲ? 1938ರಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ವಿಜ್ಞಾನಿಗಳು ಇಂಗ್ಲೆಂಡಿನಲ್ಲಿ ಮಾಡಿದ ಪ್ರಯೋಗವೊಂದು ಇದಕ್ಕೆ ದಾರಿ ತೋರಿಸಿತು. ಶೈರ್ ಎಂಬ ಭಾರೀ ಕುದುರೆಯನ್ನೂ ಶೆಟ್ಲಂಡ್ ಎಂಬ ಪುಟ್ಟ ಕುದುರೆಯನ್ನೂ ಎರಡು ರೀತಿಯಲ್ಲಿ ಕೂಡಿಸಿದರು. ತಂದೆ ದೊಡ್ಡದು ತಾಯಿ ಪುಟ್ಟದು, ಅಥವಾ ತಾಯಿ ದೊಡ್ಡದು ತಂದೆ ಪುಟ್ಟದು. ಮರಿಗಳ ವಂಶದ ಬೆರಕೆ ಎರಡರಲ್ಲೂ ಸಮ. ಆದರೆ ದೊಡ್ಡ ತಾಯಿಯ ಮರಿ ಬಹಳ ದೊಡ್ಡದಾಗಿ ಹುಟ್ಟಿತು, ಪುಟ್ಟ ತಾಯಿಯದು ಪುಟ್ಟದಾಗಿ. ಬೆಳೆದ ಮೇಲೂ ಅಂತರ ಪೂರ್ತಿ ಮುಚ್ಚಲಿಲ್ಲ. ಅಂದರೆ ತಾಯಿಯ ಗರ್ಭವೇ ಮಗುವಿನ ಮೊದಲ ಪರಿಸರ, ಆ ಗರ್ಭವನ್ನು ರೂಪಿಸಿದ್ದು ತಾಯಿಯ ಬಾಲ್ಯ. ಅಜ್ಜಿಯ ಕಾಲದ ಬರ ಮೊಮ್ಮಗಳ ತೊಡೆಮೂಳೆಯವರೆಗೆ ಬರುವುದು ಹೀಗೆ, ವಂಶವಾಹಿಯಲ್ಲಿ ಒಂದಕ್ಷರವೂ ಬದಲಾಗದೆ. ಇದೇ ಕಾರಣಕ್ಕೆ, ಶಾಲೆಯ ಹಾಲು ಮೊಟ್ಟೆ ಬೇಕೇ ಬೇಕು ಎಂದು ನಂಬಿದವನಾದರೂ, 2017ರಲ್ಲಿ ನಮ್ಮ ರಾಜ್ಯದಲ್ಲಿ ಶುರುವಾದ, ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆಯನ್ನು ನಾನು ಎತ್ತರದ ವಿಷಯದಲ್ಲಿ ಅದಕ್ಕಿಂತ ಮೇಲೆ ಇಡುತ್ತೇನೆ.

ಶೌಚಾಲಯ ಕಟ್ಟಿಸಿ, ಕೈ ತೊಳೆಯಲು ಸೋಪು ಕೊಟ್ಟರೆ ಮಕ್ಕಳು ಎತ್ತರವಾಗುತ್ತಾರೆಯೇ ಎಂದು ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ದೊಡ್ಡ ಪ್ರಯೋಗಗಳು ನಡೆದವು. ಅಷ್ಟರಿಂದಲೇ ಎತ್ತರ ಏರಲಿಲ್ಲ. ಶುಚಿ ಬೇಡ ಎಂದು ಇದರರ್ಥವಲ್ಲ. ಮನೆಯೊಂದರ ಹಿತ್ತಲು ಶುಚಿಯಾದರೆ ಸಾಲದು, ಊರಿಗೆ ಊರೇ ನೀರು, ಚರಂಡಿ, ಅಂಗಳ ಎಲ್ಲ ಬದಲಾಗಬೇಕು ಎಂದೇ ನನಗನ್ನಿಸುತ್ತದೆ.

ವಂಶವೋ ಪರಿಸರವೋ ಎಂದು ಹೊರಗಿನಿಂದ ನೋಡಿ ಹೇಳುವುದು ಎಷ್ಟು ಕಷ್ಟ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಎರಡು ಉದಾಹರಣೆಗಳಿವೆ. 1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮಂಡಿ ನೋವಿನಿಂದ ಜನ ನಡೆಯಲಾರದಾದರು. ಕೆಲವರು ಕುಳ್ಳಗೇ ಉಳಿದರು. ಗದ್ದೆಗಳಿಗೆ ಕೀಟನಾಶಕ ಬಂದ ಕಾಲ ಅದು. ಬಡ ಕೂಲಿಯ ಜನ ಗದ್ದೆಯ ಏಡಿ ಹಿಡಿದು ತಿನ್ನುತ್ತಿದ್ದರು, ಅದರ ವಿಷವೇ ಇರಬೇಕು ಎಂಬ ಅನುಮಾನ ಬಲವಾಗಿತ್ತು. ಆದರೆ ರೋಗ ಕಾಣಿಸಿದ್ದು ಮಲೆನಾಡಿನ ಒಂದೆರಡು ದಲಿತ ಸಮುದಾಯಗಳ ಕೆಲವು ಮನೆತನಗಳಲ್ಲಿ. ಎಕ್ಸ್‌ರೇ ಮತ್ತು ವಂಶವೃಕ್ಷಗಳನ್ನು ಜೋಡಿಸಿ ನೋಡಿದಾಗ ಬೆನ್ನೆಲುಬಿನ ಮಣಿಗಳೂ ಉದ್ದ ಮೂಳೆಗಳ ತುದಿಗಳೂ ಬೆಳೆಯುವಾಗಲೇ ವಿಕಾರಗೊಳ್ಳುವ, ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಕಾಯಿಲೆ ಎಂದು ಗೊತ್ತಾಯಿತು. ಹಂದಿಗೋಡು ಕಾಯಿಲೆ ಎಂದೇ ಅದು ವೈದ್ಯಕೀಯದಲ್ಲಿ ಹೆಸರಾಗಿದೆ. ಪರಿಸರದ್ದು ಅನ್ನಿಸಿದ್ದು ವಂಶದ್ದಾಗಿತ್ತು.

ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಕಡೆ ಇದರ ತಿರುವುಮುರುವು. ಅಪ್ಪನಿಗೂ ಮಗನಿಗೂ ಹಲ್ಲು ಕಂದು, ಬೆನ್ನು ಬಿಗಿ, ಮೂಳೆ ನೋವು. ಮನೆಮಂದಿಗೆಲ್ಲ ಇರುವುದರಿಂದ ವಂಶದ ಕಾಯಿಲೆ ಎಂದು ಯಾರಿಗಾದರೂ ಅನ್ನಿಸೀತು. ಕಾರಣ ಕೊಳವೆಬಾವಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡು ವರ್ಷಗಟ್ಟಲೆ ಹೋದರೆ ಬೆಳೆಯುವ ಮೂಳೆಯಲ್ಲಿ ಸೇರಿಕೊಳ್ಳುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದ ಮಕ್ಕಳಲ್ಲಿ ಕಾಲು ಸೊಟ್ಟಗಾಗುವುದೂ ಉಂಟು. ನಿಮ್ಮ ಮನೆಯಲ್ಲಿ ಕೊಳವೆಬಾವಿಯ ನೀರೇ ಕುಡಿಯುವುದಾದರೆ ಒಮ್ಮೆ ಪರೀಕ್ಷೆ ಮಾಡಿಸಿ.

ಈಗ ನಿಮ್ಮ ಅಣ್ಣನ ಮಗ. ಹೋಲಿಕೆ ಮಾಡುವಾಗ ಒಂದು ವಿಷಯ ಬಿಟ್ಟಿದ್ದೀರಿ. ನಿಮ್ಮ ಅತ್ತಿಗೆಯವರ ಎತ್ತರ ಬರೆದಿಲ್ಲ. ಅಣ್ಣ ತಮ್ಮಂದಿರ ಮಕ್ಕಳ ನಡುವೆ ಸಮಾನವಾಗಿರುವ ವಂಶವಾಹಿಗಳು ಸರಾಸರಿ ಎಂಟರಲ್ಲಿ ಒಂದು ಪಾಲು ಮಾತ್ರ. ನಿಮ್ಮ ಅತ್ತಿಗೆ 165 ಇದ್ದರೆ ಅರ್ಧ ಒಗಟು ಅಲ್ಲೇ ಬಿಡಿಸಿದಂತಾಯಿತು. ಹದಿನಾರಕ್ಕೆ ಬಹಳಷ್ಟು ಹುಡುಗರ ಬೆಳವಣಿಗೆ ಮುಗಿಯುತ್ತಾ ಬಂದಿರುತ್ತದೆ, ಹದಿಮೂರಕ್ಕೆ ಕೆಲವರದು ಶುರುವೇ ಆಗಿರುವುದಿಲ್ಲ. ಮೈ ದಪ್ಪ ಇರುವ ಮಕ್ಕಳ ಮೂಳೆ ಬೇಗ ಮಾಗುತ್ತದೆ, ಚಿಕ್ಕ ವಯಸ್ಸಿನಲ್ಲಿ ಎತ್ತರ ಕಂಡು ಬೇಗ ನಿಲ್ಲುತ್ತಾರೆ. ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನಿಮ್ಮ ಮಗನನ್ನು ಅಳೆಯಬೇಡಿ.

ಅಳೆಯಬೇಕಾದದ್ದು ನಿಮ್ಮಿಬ್ಬರ ಎತ್ತರದಿಂದ. ಗಂಡುಮಗುವಿಗೆ ತಂದೆ ತಾಯಿಯ ಎತ್ತರ ಕೂಡಿಸಿ, 13 ಸೇರಿಸಿ, ಎರಡರಿಂದ ಭಾಗಿಸುತ್ತೇವೆ. 163, 152, 13 ಸೇರಿ 328, ಅರ್ಧ 164. ಹೆಣ್ಣುಮಗುವಿಗೆ 13 ಕಳೆಯಬೇಕು, ಆಗ 151. ಎರಡೂ ಕಡೆ ಎಂಟು ಸೆಂಟಿಮೀಟರಿನಷ್ಟು ಹೆಚ್ಚುಕಡಿಮೆ ಸಹಜ. ನೀವಿಬ್ಬರೂ ಬಾಲ್ಯದಲ್ಲಿ ಕೊರತೆ ಕಂಡವರಾದರೆ ಮಕ್ಕಳು ಈ ಲೆಕ್ಕದ ಮೇಲಿನ ಅಂಚಿಗೆ ಹೋಗಬಹುದು, ದಾಟಲೂಬಹುದು. ಹದಿಮೂರಕ್ಕೆ 142 ಎಂಬುದು, ಯಾವ ವಯಸ್ಸಿಗೆ ಎಷ್ಟು ಎತ್ತರ ಎಂದು ತೋರಿಸುವ ನಮ್ಮ ಮಕ್ಕಳ ಚಾರ್ಟಿನಲ್ಲಿ ಕೆಳಗಿನ ಸಾಲುಗಳಲ್ಲಿ ಬೀಳುತ್ತದೆ, ಆದರೆ ಚಾರ್ಟಿನ ಒಳಗೇ ಇದೆ. ನೀವು ಎಷ್ಟನೇ ಕ್ಲಾಸಿನಲ್ಲಿ ದಿಢೀರ್ ಎತ್ತರವಾದಿರಿ, ನೆನಪಿಸಿಕೊಳ್ಳಿ. ನಿಮ್ಮದು ಕಾಲೇಜಿಗೆ ಹೋಗುವ ಹೊತ್ತಿಗೆ ಆಗಿದ್ದರೆ ಮಗನದೂ ತಡವಾಗುವ ಸಾಧ್ಯತೆ ಬಹಳ. ಎಡಗೈ ಮತ್ತು ಮಣಿಕಟ್ಟಿನ ಒಂದು ಎಕ್ಸ್‌ರೇ ತೆಗೆದರೆ ಮೂಳೆಯ ವಯಸ್ಸು ತಿಳಿಯುತ್ತದೆ. ಅದು ಹನ್ನೊಂದು ಅಂತ ಬಂದರೆ ನಿಮ್ಮ ಮಗನಿಗೆ ಓರಗೆಯವರಿಗಿಂತ ಎರಡು ವರ್ಷದ ಬೆಳವಣಿಗೆ ಹೆಚ್ಚಾಗಿ ಕೈಯಲ್ಲಿದೆ ಎಂದು ತಿಳಿಯಿರಿ.

ತಡ ಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕಾದ ಸಂದರ್ಭಗಳೂ ಇವೆ. ನಾಲ್ಕು ವರ್ಷ ದಾಟಿದ ಮಗು ವರ್ಷಕ್ಕೆ ನಾಲ್ಕು ಸೆಂಟಿಮೀಟರಿಗಿಂತ ಕಡಿಮೆ ಬೆಳೆಯುತ್ತಿದ್ದರೆ, ಚಾರ್ಟಿನಲ್ಲಿ ಮೊದಲು ಇದ್ದ ಸಾಲಿನಿಂದ ಜಾರುತ್ತಿದ್ದರೆ, ಹದಿನಾಲ್ಕು ತುಂಬಿದರೂ ಹುಡುಗನಲ್ಲಿ ಪ್ರಾಯದ ಲಕ್ಷಣವೇ ಕಾಣದಿದ್ದರೆ, ಕೈಕಾಲು ಮುಂಡದ ಅಳತೆಗೆ ಹೊಂದದಿದ್ದರೆ ಹೋಗಲೇಬೇಕು. ಥೈರಾಯ್ಡ್ ಕೊರತೆ, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ, ಬಹಳ ದಿನದ ಸ್ಟೀರಾಯ್ಡ್ ಔಷಧ, ಮೂತ್ರಪಿಂಡದ ತೊಂದರೆ, ಬೆಳವಣಿಗೆಯ ಹಾರ್ಮೋನಿನ ಕೊರತೆ ಇವೆಲ್ಲ ಪರೀಕ್ಷೆಯಿಂದ ತಿಳಿಯುತ್ತವೆ, ಬಹಳವಕ್ಕೆ ಚಿಕಿತ್ಸೆ ಇದೆ. ಹೆಣ್ಣುಮಗು ಕಾರಣ ಗೊತ್ತಾಗದೆ ತೀರ ಗಿಡ್ಡ ಇದ್ದರೆ ವರ್ಣತಂತು ಪರೀಕ್ಷೆ ಮಾಡಿಸಲೇಬೇಕು. ಗ್ರೋತ್ ಪ್ಲೇಟ್ ಮುಚ್ಚಿದ ಮೇಲೆ ಯಾವ ಇಂಜೆಕ್ಷನ್ನೂ ಎತ್ತರ ಕೊಡುವುದಿಲ್ಲ.

ಪುಡಿ ಬೇಡ. ಹೊಟ್ಟೆತುಂಬ ಸರಿಯಾಗಿ ಉಣ್ಣುವ ಮಗುವನ್ನು ಎತ್ತರ ಮಾಡುವ ಪುಡಿ ಇಲ್ಲ, ಹಲವು ಡಬ್ಬಗಳಲ್ಲಿ ಸಕ್ಕರೆಯೇ ಬೇಕಾದಷ್ಟು. ಅದೇ ದುಡ್ಡಿಗೆ ಮೊಟ್ಟೆ, ಹಾಲು, ಮೊಸರು, ಕಾಳು ತನ್ನಿ. ರಾಗಿ ಹೇಗೂ ನಮ್ಮದೇ, ಅದರಲ್ಲಿ ಕ್ಯಾಲ್ಸಿಯಂ ಧಾರಾಳ. ಬಿಸಿಲಿನಲ್ಲಿ ಓಡಿ ಆಡಲಿ. ಈ ವಯಸ್ಸಿನಲ್ಲಿ ಆಟದ ಲಾಭ ಉದ್ದಕ್ಕಿಂತ ಹೆಚ್ಚಾಗಿ ಮೂಳೆಯ ಗಟ್ಟಿತನದಲ್ಲಿ ಬರುತ್ತದೆ. ಟೆನಿಸ್, ಸ್ಕ್ವಾಷ್ ಆಡುವ ಹೆಂಗಸರ ಎರಡು ತೋಳುಗಳನ್ನು ಹೋಲಿಸಿದ ಫಿನ್ಲೆಂಡಿನ ಅಧ್ಯಯನದಲ್ಲಿ, ಮುಟ್ಟು ಶುರುವಾಗುವ ಮುನ್ನವೋ ಆ ಹೊತ್ತಿಗೋ ಆಟ ಶುರು ಮಾಡಿದವರ ಆಡುವ ಕೈಯ ಮೂಳೆಗೆ ಸಿಕ್ಕ ಲಾಭ, ತಡವಾಗಿ ಶುರು ಮಾಡಿದವರಿಗಿಂತ ಎರಡರಿಂದ ನಾಲ್ಕು ಪಟ್ಟು. ಒಂದೇ ಮೈ, ಒಂದೇ ವಂಶವಾಹಿ, ಎಡಗೈಗೂ ಬಲಗೈಗೂ ಇಷ್ಟು ವ್ಯತ್ಯಾಸ. ನಿಮ್ಮ ಮಗಳಿಗೆ ಈಗ ಹತ್ತು. ಅವಳನ್ನು ಆಟಕ್ಕೆ ಬಿಡುವ ಸಮಯ ಇದೇ.

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಮಗನ ಹಳೆಯ ತಾಯಿ ಕಾರ್ಡು, ಅಂಗನವಾಡಿಯ, ಶಾಲೆಯ ಆರೋಗ್ಯ ತಪಾಸಣೆಯ ಚೀಟಿಗಳಲ್ಲಿ ಬರೆದ ಎತ್ತರಗಳನ್ನೆಲ್ಲ ತಾರೀಖಿನ ಜೊತೆ ಒಂದು ಹಾಳೆಗೆ ಇಳಿಸಿ. ವೈದ್ಯರಿಗೆ ಒಂದು ದಿನದ ಅಳತೆಗಿಂತ ಈ ಹಾಳೆ ಹೆಚ್ಚು ಹೇಳುತ್ತದೆ. ಚಪ್ಪಲಿ ಬಿಟ್ಟು, ಗೋಡೆಗೆ ಹಿಮ್ಮಡಿ ತಾಗಿಸಿ, ಬೆಳಗಿನ ಹೊತ್ತು ಅಳೆಯಿರಿ. ದಿನವಿಡೀ ನಿಂತು ಕೂತು ಬೆನ್ನೆಲುಬಿನ ಡಿಸ್ಕುಗಳು ಅದುಮಿ ಸಂಜೆಗೆ ಒಂದು ಸೆಂಟಿಮೀಟರಿನಷ್ಟು ಕಡಿಮೆ ಬರುತ್ತದೆ, ಆದ್ದರಿಂದ ಪ್ರತಿ ಸಲವೂ ಒಂದೇ ಹೊತ್ತಿಗೆ ಅಳೆಯಬೇಕು. ಆರು ತಿಂಗಳ ನಂತರ ಮತ್ತೆ ಅಳೆಯಿರಿ. ಮಗಳನ್ನೂ ಜೊತೆಗೇ ಅಳೆಯಿರಿ, ಅವಳ ವಿಷಯದಲ್ಲಿ ಕಾಯುವ ಅವಕಾಶ ಕಡಿಮೆ. ಹೆಣ್ಣುಮಕ್ಕಳ ಜೋರು ಬೆಳವಣಿಗೆ ಹುಡುಗರಿಗಿಂತ ಎರಡು ವರ್ಷ ಮೊದಲೇ ಬರುತ್ತದೆ, ಮೊದಲ ಮುಟ್ಟಾದ ಮೇಲೆ ಸಾಮಾನ್ಯವಾಗಿ ಉಳಿದಿರುವುದು ಐದರಿಂದ ಏಳು ಸೆಂಟಿಮೀಟರ್ ಮಾತ್ರ.